ಹೊಸ ಕಚೇರಿಯಲ್ಲಿ ನನ್ನ ಕೆಲಸದ ರೀತಿಯನ್ನು ಹೇಗೆ ಹೇಳಿಕೊಳ್ಳಲಿ?

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಹಲವು ವರ್ಷ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಪತಿಯ ಊರು ದಕ್ಷಿಣ ಕೊಡಗು. ಈಗ ಗೋಣಿಕೊಪ್ಪದ ಬಳಿಯ ಕಾಫಿ ಸಂಸ್ಕರಣಾ ಘಟಕವೊಂದರಲ್ಲಿ ಲೆಕ್ಕಪತ್ರ ಮತ್ತು ಆಡಳಿತದ ಹೊಣೆ ವಹಿಸಿಕೊಂಡಿದ್ದೇನೆ. ಸೇರಿ ಎರಡು ವಾರವಾಗಿದೆ. ಹಿಂದಿನ ಕಚೇರಿಯಲ್ಲಿ ಹೊಸಬರು ತಮ್ಮ ಕೆಲಸದ ರೀತಿಯನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಳುಹಿಸುವ ರೂಢಿಯಿತ್ತು. ಇಲ್ಲಿಯೂ ಹಾಗೆ ಮಾಡೋಣವೆಂದು ಹೀಗೆ ಬರೆದಿಟ್ಟುಕೊಂಡಿದ್ದೇನೆ: “ನಾನು ನೇರ ಮಾತಿನವಳು, ಯಾರೂ ತಪ್ಪು ತಿಳಿಯಬೇಡಿ. ನನಗೆ ಫೋನಿಗಿಂತ ಬರಹದ ಸಂದೇಶ ಇಷ್ಟ. ವಾಯ್ಸ್ ಮೆಸೇಜ್ ಬೇಡ. ಬೆಳಿಗ್ಗೆ 9ರಿಂದ 11ರವರೆಗೆ ನನ್ನನ್ನು ಮಾತನಾಡಿಸಬೇಡಿ. ಸಂಜೆ 6ರ ನಂತರ ಕೆಲಸದ ಕರೆ ತೆಗೆದುಕೊಳ್ಳುವುದಿಲ್ಲ.” ಇನ್ನೊಂದು ವಿಷಯ. ನನ್ನ ಎಡಗಿವಿ ಚಿಕ್ಕಂದಿನಿಂದಲೂ ಕೇಳಿಸುವುದಿಲ್ಲ. ಅದನ್ನು ಬರೆಯಬೇಕೋ ಬೇಡವೋ ತಿಳಿಯುತ್ತಿಲ್ಲ. ಸಭೆಯ ನಡುವೆ ಎಲ್ಲರೂ ಕೊಡವ ಭಾಷೆಗೆ ಹೊರಳಿದಾಗಲೂ ನಾನು ಹೊರಗೆ ಉಳಿದುಬಿಡುತ್ತೇನೆ. ಇದನ್ನೆಲ್ಲ ಹೇಳಿದರೆ ಜಂಬದವಳು ಎಂದುಕೊಳ್ಳುತ್ತಾರೆಯೇ? — ಹೆಸರು ಬೇಡ, ಗೋಣಿಕೊಪ್ಪ

ಉತ್ತರ: ಹೇಳಲೇಬೇಕು, ಅದೂ ಕಾಫಿ ಕೊಯ್ಲು ಬಿರುಸಾಗುವ ಮೊದಲೇ ಹೇಳಬೇಕು. ಆದರೆ ಈಗ ಬರೆದಿಟ್ಟಿರುವ ಪುಟವನ್ನು ದಯವಿಟ್ಟು ಕಳುಹಿಸಬೇಡಿ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಅದರಲ್ಲಿ ಇಲ್ಲವೇ ಇಲ್ಲ. ಯಾರಿಗೂ ಪ್ರಯೋಜನವಿಲ್ಲದ ಸಾಲು ಎಲ್ಲಕ್ಕಿಂತ ಮೊದಲು ಬಂದು ಕುಳಿತಿದೆ. ಉಳಿದ ಸಾಲುಗಳಲ್ಲಿ ನಿಮ್ಮ ಬೇಡಿಕೆ ಬಹುಮಟ್ಟಿಗೆ ನ್ಯಾಯವಾದದ್ದೇ, ಆದರೆ ಅವುಗಳನ್ನು ಬೆಂಗಳೂರಿನ ಕಚೇರಿಗಾಗಿ ಬರೆದಂತಿದೆ. ರೋಬಸ್ಟಾ ಕಾಫಿಯ ವ್ಯವಹಾರ ನಡೆಯುವ ಊರಿಗೆ ಅವು ಒಗ್ಗುವುದಿಲ್ಲ.

ಜಂಬದ ಪ್ರಶ್ನೆಯನ್ನೇ ಮೊದಲು ನೋಡೋಣ, ಏಕೆಂದರೆ ನಿಮ್ಮ ಅಳುಕು ಇರುವುದು ಅಲ್ಲಿ. ಹೇಳಿದರೆ ಜಂಬ ಎನ್ನುತ್ತಾರೇನೋ ಎಂದು ನೀವು ಹೆದರಿದ್ದೀರಿ. ಹೇಳದೆ ಇದ್ದರೆ ಹಾಗೆನ್ನುವ ಸಾಧ್ಯತೆ ಇನ್ನೂ ಹೆಚ್ಚು. ಗೋದಾಮಿನ ಮೇಲ್ವಿಚಾರಕರು ನಿಮ್ಮ ಎಡಗಡೆಯಿಂದ ಬಂದು ಒಂದು ಮಾತು ಕೇಳುತ್ತಾರೆ. ನೀವು ತಿರುಗಿಯೂ ನೋಡದೆ ಮುಂದೆ ಹೋಗುತ್ತೀರಿ. ಅವರಿಗೆ ನಿಮ್ಮ ಕಿವಿಯ ವಿಷಯ ಗೊತ್ತಿಲ್ಲ. ಹಾಗಿರುವಾಗ ಅವರು ಏನೆಂದು ತಿಳಿಯಬೇಕು? ಬೆಂಗಳೂರಿನಿಂದ ಬಂದ ಮೇಡಂಗೆ ನಮ್ಮಂಥವರು ಕಣ್ಣಿಗೆ ಬೀಳುವುದಿಲ್ಲ ಎಂದೇ ತಿಳಿಯುತ್ತಾರೆ. ಬೇರೆಯವರ ನಡೆಗೆ ಅವರ ಪರಿಸ್ಥಿತಿಯಲ್ಲಿ ಕಾರಣ ಹುಡುಕದೆ ಸ್ವಭಾವದಲ್ಲೇ ಹುಡುಕುವ ಈ ಪ್ರವೃತ್ತಿಯನ್ನು ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರಿಟ್ಟು ಗುರುತಿಸಿದರು. ಆರೋಪಣೆಯ ಮೂಲಭೂತ ದೋಷ ಎಂದು ಅದನ್ನು ಕರೆಯುತ್ತಾರೆ. ತಡವಾಗಿ ಬಂದದ್ದು ನಾನಾದರೆ ಬಸ್ ಸಿಗಲಿಲ್ಲ. ಬಂದದ್ದು ನೀವಾದರೆ ನಿಮಗೆ ಶಿಸ್ತಿಲ್ಲ. ಹೊಸಬರ ವಿಷಯದಲ್ಲಿ ಈ ದೋಷ ಇನ್ನಷ್ಟು ಬಲವಾಗುತ್ತದೆ, ಏಕೆಂದರೆ ಅವರ ಬಗ್ಗೆ ಬೇರೆ ಮಾಹಿತಿಯೇ ಯಾರ ಬಳಿಯೂ ಇರುವುದಿಲ್ಲ. ನೀವು ಕೊಡದ ಕಾರಣವನ್ನು ಅವರೇ ಊಹಿಸಿಕೊಳ್ಳುತ್ತಾರೆ.

ಅಷ್ಟು ದಿನ ಜೊತೆಗೆ ಕೆಲಸ ಮಾಡಿದರೆ ತಾವಾಗಿಯೇ ಅರ್ಥಮಾಡಿಕೊಳ್ಳುತ್ತಾರೆ ಎಂದು ನಂಬಿ ಸುಮ್ಮನಿರುವವರೂ ಇದ್ದಾರೆ. ಅವರಿಗೆ ಒಂದು ಪ್ರಯೋಗದ ವಿಷಯ ಹೇಳುತ್ತೇನೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಎಲಿಜಬೆತ್ ನ್ಯೂಟನ್ ಕೆಲವರಿಗೆ ಎಲ್ಲರಿಗೂ ಪರಿಚಿತವಾದ ಹಾಡುಗಳ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ತಟ್ಟಲು ಹೇಳಿದರು. ಎದುರಿಗೆ ಕುಳಿತವರು ಅದು ಯಾವ ಹಾಡೆಂದು ಹೇಳಬೇಕಿತ್ತು. ಅರ್ಧದಷ್ಟು ಬಾರಿಯಾದರೂ ಕೇಳುಗರು ಗುರುತಿಸುತ್ತಾರೆಂದು ತಟ್ಟುವವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3 ಮಾತ್ರ. ತಟ್ಟುವವರ ತಲೆಯಲ್ಲಿ ಇಡೀ ಹಾಡು ಮೊಳಗುತ್ತಿರುತ್ತದೆ. ಎದುರಿನವರಿಗೆ ಕೇಳಿಸುವುದು ಬರೀ ಟಕಟಕ ಸದ್ದು. ನಮ್ಮ ಕೆಲಸದ ರೀತಿಯೂ ನಮಗಷ್ಟೇ ಅಷ್ಟು ಸ್ಪಷ್ಟ.

ಆದ್ದರಿಂದ ಹೇಳಬೇಕೇ ಎಂಬುದು ಇತ್ಯರ್ಥವಾಯಿತು. ಹೇಗೆ ಹೇಳಬೇಕು ಎಂಬುದಕ್ಕೆ ನಾನು ತರಬೇತಿಗಳಲ್ಲಿ ಒತ್ತಿ ಹೇಳುವುದು ಒಂದೇ ಮಾತು: ನೀವು ಎಂಥವರು ಎಂದು ವರ್ಣಿಸಬೇಡಿ, ಯಾವ ಸಂದರ್ಭದಲ್ಲಿ ಎದುರಿನವರು ಏನು ಮಾಡಬೇಕು ಎಂದು ಹೇಳಿ. ಹಾಗೆ ಮಾಡಿದರೆ ಅವರ ಕೆಲಸಕ್ಕೆ ಏನು ಅನುಕೂಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ. ಸ್ವಭಾವದ ವರ್ಣನೆ ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಮಾಡಬೇಕಾದದ್ದು ಏನೆಂದು ತಿಳಿದವರು ಮರುದಿನವೇ ಅದನ್ನು ಮಾಡಬಲ್ಲರು.

ಈಗ ಕಿವಿಯ ವಿಷಯಕ್ಕೆ ಬರುತ್ತೇನೆ. ನೀವು ಕೊನೆಗೆ, ಅನುಮಾನದಿಂದ ಸೇರಿಸಿದ ಈ ಸಂಗತಿಯೇ ನನ್ನ ದೃಷ್ಟಿಯಲ್ಲಿ ಮೊದಲನೆಯದು.

ಆರೋಗ್ಯದ ವಿಷಯವನ್ನು ಕಚೇರಿಯಲ್ಲಿ ಹೇಳುವುದೂ ಬಿಡುವುದೂ ನಿಮ್ಮ ಹಕ್ಕು. ಯಾರೂ ಒತ್ತಾಯಿಸುವಂತಿಲ್ಲ. ಹಾಗಿದ್ದರೂ ಹೇಳಿ ಎಂದು ಸಲಹೆ ಕೊಡುತ್ತಿದ್ದೇನೆ, ಏಕೆಂದರೆ ನಿಮ್ಮ ಕೆಲಸ ಅಂಕಿಗಳದ್ದು, ಸ್ಥಳ ಯಂತ್ರಗಳದ್ದು. ಒಂದೇ ಕಿವಿ ಕೇಳಿಸುವವರಿಗೆ ನಿಶ್ಶಬ್ದವಾದ ಕೋಣೆಯಲ್ಲಿ ಎದುರುಬದುರು ಕುಳಿತು ಮಾತನಾಡಲು ಹೆಚ್ಚು ತೊಂದರೆಯಾಗುವುದಿಲ್ಲ. ಕಷ್ಟವಾಗುವುದು ಗದ್ದಲದ ನಡುವೆ, ಕೇಳಿಸದ ಬದಿಯಿಂದ ಯಾರಾದರೂ ಮಾತನಾಡಿದಾಗ. ಜೊತೆಗೆ ಶಬ್ದ ಯಾವ ದಿಕ್ಕಿನಿಂದ ಬಂತು ಎಂಬುದೂ ಗೊತ್ತಾಗುವುದಿಲ್ಲ, ಏಕೆಂದರೆ ದಿಕ್ಕನ್ನು ಮಿದುಳು ಲೆಕ್ಕಹಾಕುವುದು ಎರಡೂ ಕಿವಿಗಳಿಗೆ ತಲುಪುವ ಶಬ್ದದ ವ್ಯತ್ಯಾಸದಿಂದ. ಇದರಿಂದಾಗಿ ನಿಮ್ಮ ತೊಂದರೆ ಬೇರೆಯವರಿಗೆ ಒಮ್ಮೆ ಇದ್ದಂತೆ, ಒಮ್ಮೆ ಇಲ್ಲದಂತೆ ಕಾಣುತ್ತದೆ. “ನಿನ್ನೆ ಕೋಣೆಯಲ್ಲಿ ಮೆಲ್ಲಗೆ ಹೇಳಿದ್ದೂ ಕೇಳಿಸಿತ್ತು, ಇವತ್ತು ಕಾಫಿಯ ಸಿಪ್ಪೆ ತೆಗೆಯುವ ಹಲ್ಲರ್ ಯಂತ್ರದ ಪಕ್ಕದಲ್ಲಿ ಕೂಗಿದರೂ ಕೇಳಿಸಲಿಲ್ಲ” ಎಂದರೆ ಬೇಕೆಂದೇ ಹಾಗೆ ಮಾಡಿದಂತೆ ತೋರುತ್ತದೆ. ಕಾರಣ ತಿಳಿಸದ ಹೊರತು ಈ ಅನುಮಾನ ಹೋಗುವುದಿಲ್ಲ.

ಇನ್ನೂ ಒಂದು ಕಾರಣವಿದೆ. ಲಾರಿ ಹಿಂದಕ್ಕೆ ಬರುವ, ಚೀಲಗಳ ಅಟ್ಟಿಯ ಕೆಳಗೆ ಜನ ಓಡಾಡುವ ಅಂಗಳದಲ್ಲಿ “ಸರಿಯಿರಿ” ಎಂಬ ಕೂಗು ಎಡಗಡೆಯಿಂದ ಬಂದರೆ ನಿಮಗೆ ಕೇಳಿಸದೆ ಹೋಗಬಹುದು, ಕೇಳಿಸಿದರೂ ಯಾವ ಕಡೆಗೆ ಸರಿಯಬೇಕೆಂದು ತಿಳಿಯದಿರಬಹುದು. ಇದು ಜೀವದ ಪ್ರಶ್ನೆ. ಲೋಡಿಂಗ್ ಮೇಸ್ತ್ರಿಗೂ ಚಾಲಕರಿಗೂ ಈ ವಿಷಯ ಗೊತ್ತಿರಲೇಬೇಕು.

ಹೇಳುವಾಗ ವೈದ್ಯಕೀಯ ಚರಿತ್ರೆ ಬೇಡ. ಯಾವಾಗ, ಯಾಕೆ, ಯಾವ ಆಸ್ಪತ್ರೆ ಎಂಬುದು ಕೇಳಿದವರಿಗೆ, ಮನಸ್ಸಿದ್ದರೆ ಮಾತ್ರ. ಹೀಗೆ ಹೇಳಿದರೆ ಸಾಕು: “ನನಗೆ ಎಡಗಿವಿ ಕೇಳಿಸುವುದಿಲ್ಲ. ನನ್ನ ಬಲಗಡೆಯಿಂದ ಬಂದು ಮಾತನಾಡಿ, ಇಲ್ಲವೇ ಎದುರಿಗೆ ನಿಂತು ಮಾತನಾಡಿ. ಅಂಗಳದಲ್ಲಿ ಕೂಗಿದರೆ ಪ್ರಯೋಜನವಿಲ್ಲ; ಕೈ ಬೀಸಿ, ನಾನೇ ಬರುತ್ತೇನೆ. ನಾನು ಉತ್ತರ ಕೊಡದಿದ್ದರೆ ಕೇಳಿಸಲಿಲ್ಲ ಎಂದೇ ತಿಳಿಯಿರಿ.” ಕೊನೆಯ ವಾಕ್ಯವನ್ನು ಬಿಡಬೇಡಿ. ಅವರು ಮುಂದೆ ಮಾಡಬಹುದಾದ ತಪ್ಪು ಊಹೆಯನ್ನು ಅದು ಮೊದಲೇ ತಡೆಯುತ್ತದೆ. ಸಭೆಯ ಮೇಜಿನಲ್ಲಿ ಎಲ್ಲರೂ ನಿಮ್ಮ ಬಲಗಡೆಗೆ ಬರುವಂಥ ಕುರ್ಚಿಯನ್ನು ಆರಿಸಿಕೊಳ್ಳಿ, ಪ್ರತಿಸಲವೂ ಅಲ್ಲೇ ಕುಳಿತುಕೊಳ್ಳಿ. ಕೆಲವೇ ದಿನಗಳಲ್ಲಿ ಅದು ನಿಮ್ಮ ಜಾಗವೆಂದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ 40ರ ನ್ಯೂನತೆಯ ಪ್ರಮಾಣಪತ್ರ ಬೇಕು. ಒಂದು ಕಿವಿಯ ಸಮಸ್ಯೆ ಆ ಮಟ್ಟ ಮುಟ್ಟಬೇಕೆಂದಿಲ್ಲ. ಆದರೆ ಸರಿಯಾದ ಕುರ್ಚಿಯಲ್ಲಿ ಕುಳಿತುಕೊಳ್ಳಲು ಯಾವ ಪ್ರಮಾಣಪತ್ರವೂ ಬೇಕಿಲ್ಲ.

ಈ ಒಂದು ಸಂಗತಿ ಹೇಳಿದ ಕೂಡಲೇ ನಿಮ್ಮ ಎರಡನೆಯ ಬೇಡಿಕೆಗೂ ಅರ್ಥ ಬರುವುದನ್ನು ಗಮನಿಸಿ. “ನನಗೆ ಫೋನಿಗಿಂತ ಬರಹ ಇಷ್ಟ” ಎಂದು ನೀವು ಬರೆದಿದ್ದೀರಿ. ಇಷ್ಟ ಎಂದಾಗ ಅದು ಅಭಿರುಚಿಯ ಮಾತಾಗುತ್ತದೆ, ಎದುರಿನವರಿಗೂ ಒಂದು ಇಷ್ಟ ಇರುತ್ತದೆ. ನಿಮ್ಮದು ಅಗತ್ಯ. ಹದಿಮೂರು ಮತ್ತು ಹದಿನಾರು, ಎಪ್ಪತ್ತು ಮತ್ತು ಎಂಬತ್ತು ಫೋನಿನಲ್ಲಿ ಎರಡು ಕಿವಿ ಚೆನ್ನಾಗಿರುವವರಿಗೂ ಒಂದರಂತೆ ಒಂದು ಕೇಳಿಸುತ್ತವೆ. ಕಾಫಿಯ ತೇವಾಂಶ ಶೇ 13 ಎಂದು ಬರೆದುಕೊಳ್ಳುವುದಕ್ಕೂ ಶೇ 16 ಎಂದು ಬರೆದುಕೊಳ್ಳುವುದಕ್ಕೂ ಬೆಳೆಗಾರನಿಗೆ ಸಿಗುವ ಹಣದಲ್ಲಿ ಎಷ್ಟು ವ್ಯತ್ಯಾಸವೆಂದು ನಿಮಗೀಗಾಗಲೇ ಗೊತ್ತಾಗಿರಬೇಕು. ನಮ್ಮಲ್ಲಿ ದರ ಹೇಳುವುದು 50 ಕೆಜಿ ಚೀಲಕ್ಕೆ. ದರ ಕೇಳಿಸಿಕೊಳ್ಳುವಾಗ ಚೀಲಕ್ಕೆ 1,000 ರೂಪಾಯಿ ಹೆಚ್ಚುಕಡಿಮೆಯಾದರೆ 200 ಚೀಲದ ಒಂದು ಲೋಡಿನಲ್ಲಿ 2 ಲಕ್ಷ ರೂಪಾಯಿ ತಪ್ಪಿಹೋಗುತ್ತದೆ. ಹಾಗಾಗಿ ಬೇಡಿಕೆಯನ್ನು ಹೀಗೆ ಬದಲಿಸಿ: “ಮಾತು ಫೋನಿನಲ್ಲಿ ಆಗಲಿ, ಅಂಕಿ ಮಾತ್ರ ಬರಹದಲ್ಲಿ ಬರಲಿ. ತೂಕ, ತೇವಾಂಶ, ದರ, ಚೀಲದ ಲೆಕ್ಕ — ಈ ನಾಲ್ಕನ್ನು ಬರಹದಲ್ಲಿ ನೋಡದೆ ನಾನು ಪುಸ್ತಕಕ್ಕೆ ಏರಿಸುವುದಿಲ್ಲ. ಮುಂದೆ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ನಿಮ್ಮ ಮೇಲೆ ಮಾತು ಬರಬಾರದು ಎಂದೇ ಇದನ್ನು ಕೇಳುತ್ತಿದ್ದೇನೆ.” ತೂಕದ ಗುಮಾಸ್ತರು ಇದನ್ನು ಸಂತೋಷದಿಂದ ಒಪ್ಪುತ್ತಾರೆ, ಏಕೆಂದರೆ ಇದು ಅವರ ರಕ್ಷಣೆಯೂ ಹೌದು.

ಆದರೆ “ವಾಯ್ಸ್ ಮೆಸೇಜ್ ಬೇಡ” ಎಂಬ ಸಾಲನ್ನು ತೆಗೆದುಹಾಕಿ. ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ಘಟಕದಲ್ಲಿ ಎಷ್ಟು ಭಾಷೆಗಳು ಓಡಾಡುತ್ತವೆ ಎಂದು ಒಂದು ದಿನ ಕಿವಿಗೊಟ್ಟು ಎಣಿಸಿ. ಕೊಡವ ಭಾಷೆ, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವರ ಮಾತು, ಈಚೆಗೆ ತೋಟಗಳ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದವರ ಹಿಂದಿ. ಕನ್ನಡವನ್ನು ಸರಾಗವಾಗಿ ಮಾತನಾಡುವ ಎಷ್ಟೋ ಜನರಿಗೆ ಅದನ್ನು ಮೊಬೈಲಿನಲ್ಲಿ ಬೆರಳಚ್ಚು ಮಾಡುವ ಅಭ್ಯಾಸವಿಲ್ಲ. ಕೆಲವರು ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ. ಅವರಿಗೆ ವಾಯ್ಸ್ ಮೆಸೇಜ್ ಅಂದರೆ ಕಚೇರಿಯ ವ್ಯವಹಾರದೊಳಗೆ ಬರಲು ಇರುವ ಒಂದೇ ಬಾಗಿಲು. ಅಧಿಕಾರದ ಸ್ಥಾನದಲ್ಲಿ ಇರುವವರು ಅದನ್ನು ಮುಚ್ಚಬಾರದು. ಇಬ್ಬರ ಅನುಕೂಲಗಳು ಎದುರುಬದುರಾದಾಗ ಹೆಚ್ಚು ಆಯ್ಕೆ ಇರುವವರು ಮೊದಲು ಬಗ್ಗಬೇಕು ಎಂಬುದು ನನ್ನ ನಿಲುವು. ವಾಯ್ಸ್ ಮೆಸೇಜನ್ನು ಇಯರ್‌ಫೋನ್ ಹಾಕಿಕೊಂಡು ಬಲಗಿವಿಯಲ್ಲಿ ಎಷ್ಟು ಬಾರಿ ಬೇಕಾದರೂ ಕೇಳಬಹುದು. ನಿಜ ಹೇಳಬೇಕೆಂದರೆ ಅಂಗಳದ ಗದ್ದಲದಲ್ಲಿ ಬರುವ ನೇರ ಕರೆಗಿಂತ ಅದು ನಿಮಗೆ ಅನುಕೂಲ. ಇನ್ನು ಅಂಕಿಗಳ ಮಾತು. ಬರೆಯಲು ಬಾರದವರು ತಕ್ಕಡಿಯ ಪರದೆಯ, ತೇವಾಂಶ ಮಾಪಕದ ಫೋಟೊ ತೆಗೆದು ಕಳುಹಿಸಲಿ. ಅಕ್ಷರ ಬೇಕಿಲ್ಲ, ತಪ್ಪಿಗೆ ಅವಕಾಶವೂ ಇಲ್ಲ. ಫೋಟೊ ತೆಗೆಯುವುದು ಹೇಗೆಂದು ಒಮ್ಮೆ ಪಕ್ಕದಲ್ಲಿ ನಿಂತು ತೋರಿಸಿಕೊಡಿ.

“ನಾನು ನೇರ ಮಾತಿನವಳು, ತಪ್ಪು ತಿಳಿಯಬೇಡಿ.” ಈ ಸಾಲನ್ನು ಪೂರ್ತಿ ಅಳಿಸಿ. ನಿಮ್ಮ ನೇರವಂತಿಕೆಯಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಧಾರವಾಡದ ಕಡೆ ಇದ್ದದ್ದನ್ನು ಇದ್ದ ಹಾಗೆ ಮುಖದೆದುರು ಹೇಳುವುದು ಆತ್ಮೀಯತೆಯ ಲಕ್ಷಣ, ಹಿಂದಿನಿಂದ ಆಡಿಕೊಳ್ಳುವುದಿಲ್ಲ ಎಂಬ ಭರವಸೆ. ಆದರೆ ಈ ಸಾಲು ಕೇಳುಗರಿಗೆ ಮಾಡಲು ಏನನ್ನೂ ಕೊಡುವುದಿಲ್ಲ. ಮುಂದೆ ನಾನು ನೋಯಿಸುತ್ತೇನೆ, ನೀವು ಸಹಿಸಿಕೊಳ್ಳಿ ಎಂದಷ್ಟೇ ಹೇಳುತ್ತದೆ. ಅದರಲ್ಲೂ ಮೇಲಿನ ಹುದ್ದೆಯವರು ಹೀಗೆ ಹೇಳಿದಾಗ ಕಿರಿಯರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ.

ಇಲ್ಲಿನ ಸಮಾಜವನ್ನೂ ಸ್ವಲ್ಪ ಗಮನಿಸಬೇಕು. ಬೆಂಗಳೂರಿನಲ್ಲಿ ಸಹೋದ್ಯೋಗಿ ಸಂಜೆ ಆರಕ್ಕೆ ಕಚೇರಿ ಬಿಟ್ಟರೆ ನಿಮ್ಮ ಲೋಕದಿಂದಲೇ ಹೊರಗೆ ಹೋಗುತ್ತಾನೆ. ಗೋಣಿಕೊಪ್ಪದಲ್ಲಿ ಹಾಗಲ್ಲ. ನಿಮ್ಮ ಗುಮಾಸ್ತನ ಸೋದರಮಾವ ನಿಮ್ಮ ಘಟಕಕ್ಕೇ ಕಾಫಿ ತರುವ ಬೆಳೆಗಾರನಾಗಿರಬಹುದು. ನೀವು ಭಾನುವಾರ ಹೋಗುವ ಮದುವೆಯಲ್ಲಿ ಅವರಿಬ್ಬರೂ ಇರುತ್ತಾರೆ. ನಿಮ್ಮ ಪತಿಯ ಮನೆತನಕ್ಕೂ ಅವರ ಮನೆತನಕ್ಕೂ ಹಳೆಯ ನಂಟು ಇರಲೂಬಹುದು. ಹತ್ತು ಜನರ ಎದುರು ಆಡಿದ ಒಂದು ಬಿರುಸು ಮಾತು ಕಚೇರಿಯ ಗೋಡೆಯೊಳಗೆ ಉಳಿಯುವುದಿಲ್ಲ. ಆದ್ದರಿಂದಲೇ ಇಲ್ಲಿನವರು ಭಿನ್ನಾಭಿಪ್ರಾಯವನ್ನು ಸುತ್ತಿ ಬಳಸಿ, ಸಮಯ ನೋಡಿ ಹೇಳುತ್ತಾರೆ. “ಆಯಿತು, ನೋಡೋಣ” ಎಂದು ಒಬ್ಬರು ಹೇಳಿ ಆಮೇಲೆ ಸುದ್ದಿಯೇ ಇಲ್ಲದಿದ್ದರೆ ಅದು ಬಹಳ ಸಲ ಒಪ್ಪಿಗೆ ಇಲ್ಲವೆಂಬ ಸೂಚನೆ. ಅವರು ಮೋಸ ಮಾಡುತ್ತಿಲ್ಲ, ನಿಮ್ಮ ಮರ್ಯಾದೆ ಕಾಯುತ್ತಿದ್ದಾರೆ. ಮತ್ತೆ ಒಂಟಿಯಾಗಿ ಸಿಕ್ಕಾಗ “ಅವತ್ತಿನ ವಿಷಯದಲ್ಲಿ ನಿಮಗೆ ಏನೋ ಅಡಚಣೆ ಇದ್ದಂತಿತ್ತು” ಎಂದು ನೀವೇ ಕೇಳಬೇಕು.

ಹಾಗಾದರೆ ನಿಮ್ಮ ನೇರ ಮಾತಿನ ಬಗ್ಗೆ ಏನೂ ಹೇಳಬಾರದೇ? ಹೇಳಿ, ಆದರೆ ನೀವು ಏನು ಮಾಡುತ್ತೀರಿ ಎಂಬ ಮಾತುಕೊಡುವ ರೂಪದಲ್ಲಿ ಹೇಳಿ: “ಯಾರ ಲೆಕ್ಕದಲ್ಲಾದರೂ ತಪ್ಪು ಕಂಡರೆ ನಾನು ಅವರೊಬ್ಬರಿಗೇ, ಅದೇ ದಿನ ಹೇಳುತ್ತೇನೆ. ಎಲ್ಲರೆದುರು ಹೇಳುವುದಿಲ್ಲ, ಮಾಲೀಕರ ಹತ್ತಿರ ಮೊದಲು ಹೋಗುವುದೂ ಇಲ್ಲ. ನನ್ನ ತಪ್ಪು ಕಂಡರೆ ನೀವೂ ಹಾಗೆಯೇ ನನಗೆ ಹೇಳಿ.” ಇಷ್ಟು ಹೇಳಿ ಅದರಂತೆ ನಡೆದುಕೊಂಡರೆ ನೀವು ನೇರವಂತರೆಂದು ಅವರೇ ಹೇಳುತ್ತಾರೆ, ಮೆಚ್ಚಿ ಹೇಳುತ್ತಾರೆ. ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ದಾದಿಯರ ತಂಡಗಳನ್ನು ಅಭ್ಯಾಸ ಮಾಡಿದಾಗ ಒಳ್ಳೆಯ ತಂಡಗಳಲ್ಲೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರ ವಿವರಣೆ ಇದು: ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ, ಬೇರೆ ಕಡೆ ಅದು ಮುಚ್ಚಿಹೋಗುತ್ತಿತ್ತು. ಲೆಕ್ಕಪತ್ರ ನೋಡುವ ನಿಮಗೆ ಇದಕ್ಕಿಂತ ಬೇಕಾದದ್ದು ಏನಿದೆ? ಮುಚ್ಚಿಟ್ಟ ತಪ್ಪು ಮಾರ್ಚ್ ತಿಂಗಳಲ್ಲಿ ಹೊರಬರುವುದಕ್ಕಿಂತ ಡಿಸೆಂಬರ್‌ನಲ್ಲೇ ಹುಡುಗನೊಬ್ಬ ಬಂದು “ಅಕ್ಕಾ, ನಿನ್ನೆಯ ಚೀಲದ ಲೆಕ್ಕ ತಪ್ಪಿದೆ” ಎಂದು ಹೇಳುವುದು ಎಷ್ಟೋ ಮೇಲು.

ಬೆಳಿಗ್ಗೆ 9ರಿಂದ 11ರ ಸಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಕಾಗ್ರತೆಯ ಸಮಯ ಬೇಕು, ಕೇಳಿ. ಆದರೆ ಆ ಹೊತ್ತಿಗೇ ಲಾರಿಗಳು ಬರುತ್ತವೆಯೇ, ಬ್ಯಾಂಕಿನ ಕೆಲಸವಿರುತ್ತದೆಯೇ ಎಂದು ಒಂದು ವಾರ ನೋಡಿ ಗಂಟೆ ನಿಗದಿ ಮಾಡಿಕೊಳ್ಳಿ. “ಮಾತನಾಡಿಸಬೇಡಿ” ಎನ್ನುವ ಬದಲು “11ಕ್ಕೆ ನಾನೇ ಗೋದಾಮಿನ ಕಡೆ ಬರುತ್ತೇನೆ, ಅಷ್ಟರೊಳಗೆ ತುರ್ತಿದ್ದರೆ ಮಾತ್ರ ಬಂದು ಎದುರಿಗೆ ನಿಲ್ಲಿ” ಎನ್ನಿ. 11ಕ್ಕೆ ತಪ್ಪದೆ ಹೋಗಿ. ಹೋಗದಿದ್ದರೆ ಮರುದಿನದಿಂದ ಆ ಎರಡು ಗಂಟೆ ನಿಮಗೆ ಸಿಗುವುದಿಲ್ಲ.

ಸಂಜೆ 6ರ ಗಡಿ ಸ್ವಲ್ಪ ಬಿಡಿಸಿ ನೋಡಬೇಕಾದ ವಿಷಯ. ರೋಬಸ್ಟಾ ದರ ಲಂಡನ್ ಮಾರುಕಟ್ಟೆಯನ್ನು, ಕಾಫಿಯ ಇನ್ನೊಂದು ಬಗೆಯಾದ ಅರೇಬಿಕಾದ ದರ ನ್ಯೂಯಾರ್ಕ್ ಮಾರುಕಟ್ಟೆಯನ್ನು ಅನುಸರಿಸುತ್ತದೆ. ಆ ಮಾರುಕಟ್ಟೆಗಳ ವಹಿವಾಟು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನದ ಮೇಲೆ ಬಿರುಸಾಗಿ ರಾತ್ರಿಯವರೆಗೆ ಮುಂದುವರಿಯುತ್ತದೆ. ಹಗಲೆಲ್ಲ ತೋಟದಲ್ಲಿರುವ ಬೆಳೆಗಾರ ಕೊಯ್ದ ಹಣ್ಣಿನ ತೂಕ ಮುಗಿಸಿ, ಕೂಲಿ ಲೆಕ್ಕ ಹಾಕಿ, ಸ್ನಾನ ಮಾಡಿ ಫೋನ್ ಕೈಗೆತ್ತಿಕೊಳ್ಳುವುದೇ ಸಂಜೆ 7ಕ್ಕೆ. ಕೊಯ್ಲಿನ ತಿಂಗಳುಗಳಲ್ಲಿ ತಿತಿಮತಿ ಕಡೆಯ ರಸ್ತೆಯಲ್ಲಿ ಆನೆ ಕಾಣಿಸಿಕೊಂಡು ಲಾರಿ ಎಲ್ಲೋ ನಿಂತುಬಿಟ್ಟರೆ ಚಾಲಕ ನಿಮಗಲ್ಲದೆ ಯಾರಿಗೆ ಫೋನ್ ಮಾಡಬೇಕು? “6ರ ನಂತರ ಕರೆ ಇಲ್ಲ” ಎಂಬುದು ಹೀಗಾಗಿ ಮೊದಲ ವಾರದಲ್ಲೇ ಮುರಿಯುವ ನಿಯಮ. ಮುರಿದ ನಿಯಮಕ್ಕೆ ಆಮೇಲೆ ಬೆಲೆ ಇರುವುದಿಲ್ಲ.

ಆದರೆ ಮನೆಯ ಹೊತ್ತು ನಿಮ್ಮದೇ. ಅದನ್ನು ಬಿಟ್ಟುಕೊಡಿ ಎಂದು ನಾನು ಎಂದಿಗೂ ಹೇಳುವುದಿಲ್ಲ. ಯಾವ ಕರೆ, ಯಾರಿಗೆ, ಎಷ್ಟು ಹೊತ್ತಿನವರೆಗೆ ಎಂದು ಮಾಲೀಕರೊಂದಿಗೆ ಕುಳಿತು ಗೆರೆ ಎಳೆಯಿರಿ. ದರ ವಿಚಾರಿಸುವ ಬೆಳೆಗಾರರ ಕರೆ ಖರೀದಿ ನೋಡಿಕೊಳ್ಳುವವರಿಗೆ ಹೋಗಲಿ. ಅದು ನಿಮ್ಮ ಕೆಲಸವಲ್ಲ. ಲಾರಿ, ಅಪಘಾತ, ಹಣ ಪಾವತಿಯ ತುರ್ತು — ಇಷ್ಟಕ್ಕೆ ರಾತ್ರಿ 8ರವರೆಗೆ ನಿಮಗೆ ಕರೆ ಬರಲಿ. ಉಳಿದದ್ದೆಲ್ಲ ಸಂದೇಶವಾಗಿ ಬರಲಿ, ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇನೆ ಎನ್ನಿ. ಈ ಏರ್ಪಾಡು ಕೊಯ್ಲಿನ ತಿಂಗಳುಗಳಿಗೆ ಮಾತ್ರ ಎಂದೂ ಸ್ಪಷ್ಟಪಡಿಸಿಕೊಳ್ಳಿ. ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಹೊಸ ವರ್ಷದ ಆಚೀಚೆಯಿಂದ ಮಾರ್ಚ್‌ವರೆಗೆ ಎಂದು ಋತು ಗೊತ್ತಿರುವ ಕಸುಬು ಇದು. ಕೊಯ್ಲು ಮುಗಿದು, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಿದ್ದ ನಂತರವೂ ಮೊದಲಿನಂತೆಯೇ ರಾತ್ರಿ ಕರೆಗಳು ಬರುತ್ತಿದ್ದರೆ ಅದನ್ನು ಪ್ರಶ್ನಿಸುವ ಹಕ್ಕು ನಿಮಗಿದೆ.

ಮಳೆಗಾಲಕ್ಕೂ ಒಂದು ಮಾತು ಈಗಲೇ ಸೇರಿಸಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ವಿದ್ಯುತ್ ಹೋಗುವುದು, ಅದರ ಹಿಂದೆಯೇ ಮೊಬೈಲ್ ಸಂಪರ್ಕ ಹೋಗುವುದು ಕೊಡಗಿನಲ್ಲಿ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಇಡೀ ಊರುಗಳೇ ಸಂಪರ್ಕ ಕಳೆದುಕೊಂಡಿದ್ದವು. ಬರಹದ ಸಂದೇಶವನ್ನೇ ನೆಚ್ಚಿಕೊಂಡವರಿಗೆ ಇದು ದೊಡ್ಡ ತೊಡಕು. ಕಳುಹಿಸಿದ ವಾಟ್ಸ್ಆ್ಯಪ್ ಸಂದೇಶ ತಲುಪದೆ ಗಂಟೆಯಾದರೂ ಒಂದೇ ಟಿಕ್ ಗುರುತು ಇದ್ದರೆ ಏನು ಮಾಡಬೇಕು, ಯಾರ ಮನೆಯಲ್ಲಿ ಸ್ಥಿರ ದೂರವಾಣಿ ಉಳಿದಿದೆ, ಯಾರು ಜೀಪಿನಲ್ಲಿ ಬಂದು ಚೀಟಿ ತಲುಪಿಸಬಲ್ಲರು ಎಂಬುದನ್ನು ಮಳೆ ಹಿಡಿಯುವ ಮೊದಲೇ ಮಾತಾಡಿಟ್ಟುಕೊಳ್ಳಿ.

ಭಾಷೆಯ ಪ್ರಶ್ನೆ ಸೂಕ್ಷ್ಮವಾದದ್ದು. ಸಭೆಯ ನಡುವೆ ಕೊಡವ ಭಾಷೆಗೆ ಹೊರಳುವುದು ನಿಮ್ಮನ್ನು ದೂರವಿಡುವ ಉಪಾಯವಲ್ಲ. ವಿಷಯ ಬಿಸಿಯೇರಿದಾಗ ಯಾರಿಗೇ ಆದರೂ ತಾಯಿಮಾತು ಮೊದಲು ನಾಲಿಗೆಗೆ ಬರುತ್ತದೆ. ಮಾತನಾಡುವವರ ಸಂಖ್ಯೆ ಬಹಳ ಕಡಿಮೆ ಇರುವ ಭಾಷೆ ಅದು. ತಮ್ಮದೇ ನೆಲದಲ್ಲಿ ಅದನ್ನು ಆಡಬೇಡಿ ಎಂದು ಹೊರಗಿನಿಂದ ಬಂದವರು ಹೇಳಿದರೆ ನೋವಾಗುತ್ತದೆ, ಹೇಳಲೂಬಾರದು. ಕೇಳಬೇಕಾದದ್ದು ಇಷ್ಟೇ: “ನೀವು ನಿಮ್ಮ ಭಾಷೆಯಲ್ಲೇ ಮಾತನಾಡಿ, ನಾನೂ ಕಲಿಯುತ್ತಿದ್ದೇನೆ. ಕೊನೆಯಲ್ಲಿ ಏನು ತೀರ್ಮಾನವಾಯಿತು, ನಾನು ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಒಮ್ಮೆ ಹೇಳಿಬಿಡಿ.” ಕಲಿಯುತ್ತಿದ್ದೇನೆ ಎಂದಮೇಲೆ ನಿಜವಾಗಿಯೂ ಕಲಿಯಿರಿ. ಪತಿಯ ಮನೆಯಲ್ಲಿ ಅದೇ ಭಾಷೆಯಾದರೆ ನಿಮ್ಮ ಗುರುಗಳು ಅಡುಗೆಮನೆಯಲ್ಲೇ ಇದ್ದಾರೆ. ಅರೆಭಾಷೆಯ ಮನೆಯಾದರೆ ಕಚೇರಿಯಲ್ಲಿ ಒಬ್ಬರನ್ನು ಕೇಳಿಕೊಳ್ಳಿ. ಹೊಸಬರು ಕಲಿಸಿ ಎಂದಾಗ ಬೇಡ ಎಂದವರನ್ನು ನಾನು ಕಂಡಿಲ್ಲ.

ಈಗ ಇದನ್ನೆಲ್ಲ ತಲುಪಿಸುವ ಬಗೆ. ಒಂದೇ ಪುಟವಾಗಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅದು ಸುತ್ತೋಲೆಯಾಗುತ್ತದೆ, ಮೇಲಿನಿಂದ ಬಂದ ಆಜ್ಞೆಯಂತೆ ಓದಿಸಿಕೊಳ್ಳುತ್ತದೆ. ನಿಮ್ಮ ಹಿಂದಿನ ಕಚೇರಿಯಲ್ಲಿ ಎಲ್ಲರೂ ಬರೆಯುತ್ತಿದ್ದರು, ಆದ್ದರಿಂದ ಅಲ್ಲಿ ಅದು ಸಹಜವಾಗಿತ್ತು. ಇಲ್ಲಿ ನೀವೊಬ್ಬರೇ ಬರೆದರೆ ಸಹಜವೆನಿಸುವುದಿಲ್ಲ. ಪುಟವನ್ನು ನಿಮಗಾಗಿ ಇಟ್ಟುಕೊಳ್ಳಿ, ಮಾತನ್ನು ಒಬ್ಬೊಬ್ಬರೊಂದಿಗೆ ಆಡಿ. ಮೊದಲು ಮಾಲೀಕರು: ಕಿವಿಯ ವಿಷಯ ಮತ್ತು ಸಂಜೆಯ ಕರೆಗಳ ಗೆರೆ ಅವರ ಮಟ್ಟದಲ್ಲೇ ತೀರ್ಮಾನವಾಗಬೇಕು. ಆಮೇಲೆ ತೂಕದ ಗುಮಾಸ್ತರು ಮತ್ತು ಗೋದಾಮಿನ ಮೇಲ್ವಿಚಾರಕರು: ಅಂಕಿಗಳ ವಿಷಯ. ಲೋಡಿಂಗ್ ಮೇಸ್ತ್ರಿ ಮತ್ತು ಚಾಲಕರಿಗೆ ಕಿವಿ ಮತ್ತು ಕೈಬೀಸುವ ವಿಷಯ ಮಾತ್ರ ಸಾಕು. ಯಾರಿಗೆ ಯಾವುದು ಬೇಕೋ ಅಷ್ಟೇ ಹೇಳಿ. ಹನ್ನೊಂದರ ಕಾಫಿಯ ಹೊತ್ತು ಇದಕ್ಕೆ ಪ್ರಶಸ್ತ. ಮಾತಿನ ಮೊದಲಿಗೆ ಯಾವ ಊರು, ಯಾವ ಮನೆ, ಯಾರ ಸೊಸೆ ಎಂದೆಲ್ಲ ಕೇಳುತ್ತಾರೆ. ಮನೆತನದ ಹೆಸರಿನಿಂದಲೇ ಜನರನ್ನು ಗುರುತಿಸುವ ನಾಡಿನಲ್ಲಿ ಅದು ಕೆದಕುವ ಪ್ರಶ್ನೆಯಲ್ಲ, ನಿಮ್ಮನ್ನು ಎಲ್ಲಿ ಕೂರಿಸಬೇಕೆಂದು ತಿಳಿದುಕೊಳ್ಳುವ ರೀತಿ. ಸಲೀಸಾಗಿ ಉತ್ತರಿಸಿ.

ನಿಮ್ಮದು ಹೇಳಿದ ಮೇಲೆ ಅವರದನ್ನು ಕೇಳಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. “ನಿಮಗೆ ಹೇಗೆ ಅನುಕೂಲ?” ಎಂದು ಬಾಯಿಮಾತಿಗೆ ಕೇಳಿದರೆ “ಹೇಗಾದರೂ ಸರಿ ಮೇಡಂ” ಎಂಬ ಉತ್ತರ ಬರುತ್ತದೆ. ನಿರ್ದಿಷ್ಟವಾಗಿ ಕೇಳಿ: “ನಿಮಗೆ ವೋಚರ್ ಯಾವ ಹೊತ್ತಿಗೆ ಕೊಟ್ಟರೆ ಅನುಕೂಲ? ಹಿಂದೆ ಈ ಹುದ್ದೆಯಲ್ಲಿದ್ದವರು ಮಾಡುತ್ತಿದ್ದ ಯಾವುದನ್ನು ನಾನು ನಿಲ್ಲಿಸಬಾರದು? ಯಾವುದನ್ನು ನಿಲ್ಲಿಸಿದರೆ ಒಳ್ಳೆಯದು?” ಆಗ ನೋಡಿ, ಎಷ್ಟು ಸಂಗತಿಗಳು ಹೊರಬರುತ್ತವೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ವಾರದಲ್ಲಿ ತಿಂಗಳ ಲೆಕ್ಕ ಕೇಳಬೇಡಿ ಎಂದು ಒಬ್ಬರು ಹೇಳಬಹುದು. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ, ಕಾವೇರಿ ಸಂಕ್ರಮಣದ ದಿನ ರಜೆ ಬೇಕೇಬೇಕು ಎಂದು ಇನ್ನೊಬ್ಬರು. ಮಗಳನ್ನು ಶಾಲೆಯ ಬಸ್ಸಿನಿಂದ ಕರೆತರಲು ದಿನಾ ನಾಲ್ಕಕ್ಕೆ ಕಾಲು ಗಂಟೆ ಬೇಕು, ಈವರೆಗೆ ಕದ್ದುಮುಚ್ಚಿ ಹೋಗುತ್ತಿದ್ದೆ ಎಂದು ಮತ್ತೊಬ್ಬರು. ಅವನ್ನು ನಿಮ್ಮ ಪುಟದ ಇನ್ನೊಂದು ಬದಿಯಲ್ಲಿ ಬರೆದಿಟ್ಟುಕೊಳ್ಳಿ.

ಹೇಳಿದ ಮೇಲೂ ಮರೆಯುತ್ತಾರೆ. ಎಡಗಡೆಯಿಂದಲೇ ಕರೆಯುತ್ತಾರೆ, ಅಂಕಿಯನ್ನು ಫೋನಿನಲ್ಲೇ ಹೇಳುತ್ತಾರೆ. ಆಗ “ಅವತ್ತೇ ಹೇಳಿದ್ದೆನಲ್ಲ” ಎಂಬ ಮಾತು ಬಾಯಿಂದ ಬರಬಾರದು. ನಗುತ್ತಾ ಬಲಗಿವಿ ತೋರಿಸಿ. “ಒಂದು ಫೋಟೊ ಹಾಕಿಬಿಡಿ, ನೋಡಿ ಬರೆದುಕೊಳ್ಳುತ್ತೇನೆ” ಎನ್ನಿ. ಒಬ್ಬರೇ ಮತ್ತೆ ಮತ್ತೆ ಹಾಗೆ ಮಾಡುತ್ತಿದ್ದರೆ ಅಸಡ್ಡೆ ಎಂದುಕೊಳ್ಳುವ ಮೊದಲು ಅವರ ಅಡಚಣೆ ಏನೆಂದು ಹೋಗಿ ನೋಡಿ. ಫೋನಿನಲ್ಲಿ ಜಾಗವಿಲ್ಲದೆ ಫೋಟೊ ಹೋಗದಿರಬಹುದು, ತಕ್ಕಡಿಯ ಪಕ್ಕದಲ್ಲಿ ಸಂಪರ್ಕವೇ ಸಿಗದಿರಬಹುದು, ಕನ್ನಡಕ ಮನೆಯಲ್ಲಿ ಮರೆತು ಬಂದಿರಬಹುದು. ಇವೆಲ್ಲ ಪರಿಹಾರವಿರುವ ತೊಂದರೆಗಳು. ತಕ್ಕಡಿಯ ಬಳಿ ಒಂದು ಕಾರ್ಬನ್ ಪ್ರತಿಯ ಪುಸ್ತಕ ಇಟ್ಟು, ದಿನಕ್ಕೆರಡು ಬಾರಿ ಹಾಳೆ ಹರಿದು ಕಚೇರಿಗೆ ಕಳುಹಿಸಿ ಎಂದರೂ ಕೆಲಸ ನಡೆಯುತ್ತದೆ.

ಮಾಲೀಕರೊಂದಿಗಿನ ಮಾತನ್ನು ಈ ವಾರವೇ ಮುಗಿಸಿ. ಕೊಯ್ಲು ಜೋರಾದ ಮೇಲೆ ಅವರೂ ಕೈಗೆ ಸಿಗುವುದಿಲ್ಲ, ನಿಮಗೂ ಕೂರಲು ಪುರುಸೊತ್ತಿರುವುದಿಲ್ಲ.